ತಂಗಿ ಡ್ರ್ಯಾಗನ್ ಹೊಟ್ಟೆಯಲ್ಲಿ, ಅಣ್ಣ ಅಡುಗೆ ಮಾಡ್ತಾ ಕೂತಿದ್ದಾನೆ! ಡಂಜನ್ ಮೇಷಿ ಮೊದಲ ಸಂಪುಟ ಓದಿದವರು ಇದ್ದೀರಾ?

ಅರ್ಧಪುಟ

ಎಲ್ಲರಿಗೂ ನಮಸ್ಕಾರ. ಮಾಂಗಾ, ಅಂದರೆ ಜಪಾನಿನ ಚಿತ್ರಕಥೆ, ಓದಿ ಅಭ್ಯಾಸ ಇಲ್ಲದವನು ನಾನು. ಚಿಕ್ಕವನಿದ್ದಾಗ ಬಾಲಮಂಗಳ ಓದಿದ್ದೇ ಕೊನೆ, ಆಮೇಲೆ ಚಿತ್ರಕಥೆ ಕಡೆ ತಲೆ ಹಾಕಿರಲಿಲ್ಲ. ಆಫೀಸಲ್ಲಿ ಪಕ್ಕದ ಸೀಟಿನ ಹುಡುಗಿ "ಸರ್, ಬೆಳಗ್ಗೆ ಹತ್ತಕ್ಕೇ ಮಧ್ಯಾಹ್ನದ ಊಟದ ಮಾತು ಶುರು ಮಾಡ್ತೀರಲ್ಲ, ಇದು ನಿಮಗೇ ಬರೆದಂಗಿದೆ" ಅಂತ ರ್ಯೋಕೋ ಕುಯಿ ಅವರ ಡಂಜನ್ ಮೇಷಿ ಮೊದಲ ಸಂಪುಟ ಕೈಗಿಟ್ಟಳು. ಎರಡು ರಾತ್ರಿಯಲ್ಲಿ ಏಳೂ ಅಧ್ಯಾಯ ಮುಗಿಸಿದೆ.

ಓದದವರಿಗೆ ಚುಟುಕಾಗಿ ಕಥೆ. ಲಾಯೋಸ್ ಅನ್ನುವವನ ತಂಡ ಡಂಜನ್, ಅಂದರೆ ಭೂಮಿಯ ಅಡಿಯ ಕೋಟೆಯಲ್ಲಿ, ಕೆಂಪು ಡ್ರ್ಯಾಗನ್ ಕೈಲಿ ಸೋಲುತ್ತದೆ. ಅವನ ತಂಗಿ ಫಾಲಿನ್ ಡ್ರ್ಯಾಗನ್ ಬಾಯಿಗೆ ಸಿಕ್ಕಿಬಿಡುತ್ತಾಳೆ. ಆದರೂ ಕೊನೆ ಗಳಿಗೆಯಲ್ಲಿ ಮಂತ್ರ ಹಾಕಿ ಉಳಿದವರನ್ನೆಲ್ಲ ಮೇಲಕ್ಕೆ ಕಳಿಸುತ್ತಾಳೆ. ವಾಪಸ್ ಹೋಗಿ ಅವಳನ್ನು ಬಿಡಿಸಬೇಕು. ಕೈಯಲ್ಲಿ ಕಾಸಿಲ್ಲ, ಸಾಮಾನೆಲ್ಲ ಒಳಗೇ ಉಳಿದಿದೆ. ಅದಕ್ಕೆ ದಾರಿಯಲ್ಲಿ ಸಿಗುವ ರಾಕ್ಷಸ ಪ್ರಾಣಿಗಳನ್ನೇ ತಿನ್ನುತ್ತಾ ಇಳಿಯೋಣ ಅಂತ ಹೊರಡುತ್ತಾರೆ.

ಇಲ್ಲಿಂದ ನನ್ನ ತಕರಾರು. ತಂಗಿ ಹೊಟ್ಟೆಯೊಳಗೆ ಕರಗ್ತಾ ಇದ್ದಾಳೆ, ಇವರು ಟಾರ್ಟ್ ಬೇಯಿಸ್ತಾರೆ, ಆಮ್ಲೆಟ್ ಮಾಡ್ತಾರೆ, ರುಚಿ ಹೇಗಿದೆ ಅಂತ ಚರ್ಚೆ ಮಾಡ್ತಾರೆ. ನಕ್ಕಿದ್ದೇನೆ, ಇಲ್ಲ ಅನ್ನಲ್ಲ. ಆದರೆ ಅವಸರ ಎಲ್ಲಿದೆ? ಕಥೆಯ ದೋಷವಾ, ಅಥವಾ ನನಗೆ ಓದಕ್ಕೆ ಬಂದಿಲ್ವಾ?

(ನಾನು ಶುದ್ಧ ಸಸ್ಯಾಹಾರಿ. ಚೇಳಿನ ಪುಟ ನೋಡುವಾಗ ಸ್ವಲ್ಪ ಕಣ್ಣು ಮುಚ್ಚಿದ್ದು ನಿಜ.)

ಬಲದಿಂದ_ಎಡಕ್ಕೆ

ಡ್ರ್ಯಾಗನ್ ಜೀರ್ಣ ಮಾಡೋದು ನಿಧಾನ ಗುರು. ತಿಂದ ಮೇಲೆ ಬಹಳ ಹೊತ್ತು ಮಲಗುತ್ತೆ ಅಂತ ಮೊದಲ ಅಧ್ಯಾಯದಲ್ಲೇ ಹೇಳಿದ್ದಾರೆ. ಸಮಯ ಇದೆ.

ಅರ್ಧಪುಟ

ಅದು ಓದಿದೆ. ನನಗೆ ಅದು ಬರೆದವರು ತಮಗೆ ತಾವೇ ಕೊಟ್ಟುಕೊಂಡ ರಜಾ ಚೀಟಿ ಥರ ಕಂಡಿತು.

ಕಡುಬು_ಕಾಫಿ

ರಜಾ ಚೀಟಿ 😂 ಆದರೆ ಒಪ್ಪಲ್ಲ.

ಮೊದಲ ಐದಾರು ಪುಟ ಮತ್ತೊಮ್ಮೆ ನೋಡಿ. ಅವರು ಡ್ರ್ಯಾಗನ್ ಕೈಲಿ ಸೋತಿದ್ದು ಯಾಕೆ? ಬಲ ಸಾಲದೆ ಅಲ್ಲ. ಹೊಟ್ಟೆ ಹಸಿದು. ಒಳಗೆ ದಾರಿ ತಪ್ಪಿ ಊಟದ ಸಾಮಾನು ಖಾಲಿಯಾಗಿತ್ತು. ಎಂದಿನ ಹಾಗಿದ್ದರೆ ಗೆಲ್ಲಬಹುದಿತ್ತು, ಆದರೆ ಕೈಕಾಲಲ್ಲಿ ಶಕ್ತಿ ಇಲ್ಲ, ಯಾರ ತಲೆಯೂ ಓಡ್ತಿಲ್ಲ. ತಂಗಿ ಹೋಗಿದ್ದೇ ಊಟ ಇಲ್ಲದ್ದಕ್ಕೆ. ಹಾಗಿದ್ದ ಮೇಲೆ ಅವಳನ್ನು ಬಿಡಿಸಲು ಹೋಗುವವರು ಹಸಿದು ಓಡಬೇಕಾ, ತಿಂದು ನಡೆಯಬೇಕಾ? ನೀವು ಯಾವುದನ್ನು ಕಥೆಗೆ ಅಡ್ಡ ಅಂತೀರೋ ಅದೇ ಕಥೆ.

ಸಾಹಸ ಕಥೆಗಳಲ್ಲಿ ನನಗೆ ಯಾವಾಗಲೂ ಇರುವ ಅನುಮಾನ ಇದೊಂದೇ. ರಾಜಕುಮಾರ ಏಳು ಸಮುದ್ರ ದಾಟಿ ಹೋದ ಅಂತಾರೆ, ದಾರಿಯಲ್ಲಿ ತಿಂದಿದ್ದೇನು ಅಂತ ಒಬ್ಬರೂ ಹೇಳಲ್ಲ. ಕುಯಿ ಅದನ್ನೇ ಹಿಡಿದುಕೊಂಡು ಕೂತಿದ್ದಾರೆ.

ರಾತ್ರಿ_ಪಾಳಿ

ಮೇಲಿನವರ ಮಾತಿಗೆ ಒಂದು ಓಟು.

ನಾನು ನರ್ಸ್. ಒಂದು ಸಲ ಎರಡು ಪಾಳಿ ಒಟ್ಟಿಗೆ ಬಂತು, ಡಬ್ಬಿ ತೆಗೆಯೋಕೂ ಆಗಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಒಬ್ಬರ ಜ್ವರದ ಅಂಕಿ ಪಕ್ಕದ ಹಾಸಿಗೆಯವರ ಚಾರ್ಟಲ್ಲಿ ಬರೆದಿದ್ದೆ. ಆಯಾಮ್ಮ ನೋಡಿ "ಸಿಸ್ಟರ್, ಈ ಅಜ್ಜನಿಗೆ ಜ್ವರ ಎಲ್ಲಿತ್ತು?" ಅಂದರು. ಅಪಾಯ ಏನೂ ಆಗಲಿಲ್ಲ, ಆದರೆ ಕೈ ನಡುಗಿಬಿಟ್ಟಿತು. ಅವರೇ ತಮ್ಮ ಡಬ್ಬಿಯಿಂದ ಒಂದು ರೊಟ್ಟಿ, ಚಟ್ನಿಪುಡಿ ಕೊಟ್ಟರು. ನಿಂತುಕೊಂಡೇ ತಿಂದೆ. ಹತ್ತು ನಿಮಿಷದಲ್ಲಿ ಲೋಕ ಬೇರೆ ಆಯ್ತು.

ಡ್ರ್ಯಾಗನ್ ಎದುರು ಲಾಯೋಸ್ ಊಟದ ಬಗ್ಗೆ ಯೋಚಿಸುವುದು ನೋಡಿ ಎಲ್ಲರೂ ನಗ್ತಾರೆ. ನನಗೆ ನಗು ಬರಲಿಲ್ಲ, ಆ ಅಜ್ಜನ ಚಾರ್ಟ್ ನೆನಪಾಯ್ತು.

ಧಾರವಾಡ_ಫೇಡೆ

ಇಲ್ಲಿ ಎಲ್ಲಾರೂ ಹೊಗಳಾಕತ್ತೀರಿ, ಒಬ್ಬರಾದ್ರೂ ಬೈಬೇಕಲ್ರಿ. ನಾ ಬೈತೀನಿ.

ಹಸಿವಿನ ವಾದ ಸರಿ ಐತಿ. ಆದ್ರ ಆ ಲಾಯೋಸ್‌ಗೆ ತಂಗಿ ನೆಪ, ರಾಕ್ಷಸ ಪ್ರಾಣಿ ತಿನ್ನೋದು ಆಸೆ. ಅವನೇ ಬಾಯಿಬಿಟ್ಟು ಹೇಳ್ತಾನ, ಮೊದಲಿಂದಾನೂ ರುಚಿ ನೋಡಬೇಕು ಅಂತಿತ್ತು ಅಂತ. ಚೀಲದಾಗ ಅದಕ್ಕಂತಾನೇ ಒಂದು ಪುಸ್ತಕ ಬ್ಯಾರೆ ಇಟ್ಕೊಂಡಾನ! ತಂಗಿ ಸಲುವಾಗಿ ಅತ್ತ ಒಂದು ಪುಟ ತೋರಸ್ರಿ.

ಕಡುಬು_ಕಾಫಿ

ಅಳುವ ಪುಟ ಇಲ್ಲ, ಒಪ್ಪಿದೆ. ಆದರೆ ತಂಡದಲ್ಲಿ ಇಬ್ಬರು ಬಿಟ್ಟುಹೋದಾಗ ಅವನು ಏನು ಹೇಳ್ತಾನೆ? ನಾನೊಬ್ಬನೇ ಹೋಗ್ತೀನಿ ಅಂತ. ಅಳದೇ ಇರುವವರಿಗೆ ಪ್ರೀತಿ ಇರಲ್ವಾ ಸರ್? ನಮ್ಮಪ್ಪ ಅಜ್ಜಿ ತೀರಿಕೊಂಡ ದಿನ ಬಂದವರಿಗೆಲ್ಲ ಕಾಫಿ ಆಯ್ತಾ ಕಾಫಿ ಆಯ್ತಾ ಅಂತ ಕೇಳ್ತಾ ಓಡಾಡ್ತಿದ್ದರು.

ಧಾರವಾಡ_ಫೇಡೆ

ಇದು ಬರೋಬ್ಬರಿ ಹೇಳಿದ್ರಿ. ಆದ್ರೂ ಪೂರ್ತಿ ಒಪ್ಪಂಗಿಲ್ಲ. ಅವನು ಸ್ವಲ್ಪ ವಿಚಿತ್ರ ಮನುಷ್ಯಾನೇ.

ಬಲದಿಂದ_ಎಡಕ್ಕೆ

ವಿಚಿತ್ರ ಅನ್ನೋದು ಬರೆದವರಿಗೂ ಗೊತ್ತು. ಪಕ್ಕದಲ್ಲಿ ತಂಡದ ಮಂತ್ರಗಾತಿ ಮಾರ್ಸಿಲ್ ಮುಖ ನೋಡಿ, ಪ್ರತಿ ಪುಟದಲ್ಲೂ ಒಂದೊಂದು ಥರ ಹುಳ್ಳಗೆ.

ಮಳೆನಾಡ_ಮೀನಾಕ್ಷಿ

ನಾನು ಈ ಪುಸ್ತಕ ಓದಿದ ಕಥೆ ಕೇಳಿ. ಬೆಂಗಳೂರಿನ ಚರ್ಚ್ ಸ್ಟ್ರೀಟಲ್ಲಿ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿತು. ಬಸ್ಸಲ್ಲಿ ತೆಗೆದರೆ ಮೊದಲ ಪುಟದಲ್ಲೇ ಯಾರೋ ಕಬ್ಬಿಣದ ಕವಚದೊಳಗಿಂದ ಏನನ್ನೋ ಎಳೆದು ತಿಂತಿದ್ದಾರೆ. ಹಿಂದೂ ಇಲ್ಲ, ಮುಂದೂ ಇಲ್ಲ. ಹತ್ತು ಪುಟ ಹಾಗೇ ಓದಿದೆ! ಯಾವುದೋ ಕಾದಂಬರಿ ಥರ, ಕೊನೆಯಿಂದ ಶುರು ಮಾಡಿ ಹಿಂದಕ್ಕೆ ಹೋಗ್ತಾರೇನೋ ಅಂದುಕೊಂಡೆ. ಮಾತುಗಳು ಮಾತ್ರ ಉಲ್ಟಾ. ಉತ್ತರ ಮೊದಲು, ಪ್ರಶ್ನೆ ಆಮೇಲೆ. ಬೈಂಡಿಂಗ್ ತಪ್ಪಾಗಿದೆ ಅಂತ ಮರುದಿನ ವಾಪಸ್ ತಗೊಂಡು ಹೋದರೆ ಅಂಗಡಿ ಹುಡುಗ ಏನೂ ಮಾತಾಡದೆ ಪುಸ್ತಕ ತಿರುಗಿಸಿ ಕೊಟ್ಟ.

ಮನೆಯಲ್ಲಿ ಅತ್ತೆ ಕೇಳಿದರು, ಏನದು ಅಂತ. ಮಾಂಗಾ ಅತ್ತೆ ಅಂದೆ. "ಮಂಗನ ಪುಸ್ತಕವಾ" ಅಂದರು. ಇವತ್ತಿಗೂ ಅದರ ಹೆಸರು ನಮ್ಮನೆಯಲ್ಲಿ ಮಂಗನ ಪುಸ್ತಕ.

ಅರ್ಧಪುಟ

😂😂 ನಾನೂ ಚೌಕದೊಳಗೆ ಬಲದಿಂದ ಎಡಕ್ಕೆ ಓದಬೇಕು ಅನ್ನೋದು ಮರೆತು ಮರೆತು ಓದಿದೆ. ಎರಡನೇ ಅಧ್ಯಾಯದ ಹೊತ್ತಿಗೆ ಕಣ್ಣು ಒಗ್ಗಿತು.

ಯೊಕೊಹಾಮಾ_ಗೌಡ್ರು

ಕೆಲಸದ ಮೇಲೆ ಜಪಾನಿಗೆ ಬಂದು ಒಂಬತ್ತು ವರ್ಷ. ಎರಡು ಮಾತು.

ಒಂದು, ಹೆಸರು. "ಮೇಷಿ" ಅಂದರೆ ಅನ್ನ, ಊಟ ಎರಡೂ. ನಮ್ಮಲ್ಲಿ "ಅನ್ನ ತಿಂದ್ಯಾ" ಅಂದರೆ ಊಟ ಆಯ್ತಾ ಅಂತಲೇ ಅರ್ಥ ಅಲ್ವಾ, ಹಾಗೆ. ಆದರೆ ಮರ್ಯಾದೆಯ ಮಾತಲ್ಲ. ಗಂಡಸರು ಗೆಳೆಯರ ಜೊತೆ ಆಡುವ ಸಲಿಗೆಯ ಮಾತು. ಇಂಗ್ಲಿಷಲ್ಲಿ "ಡೆಲಿಷಸ್ ಇನ್ ಡಂಜನ್" ಅಂತ ಮಾಡಿದಾಗ ಆ ಸಲಿಗೆ ಹೋಯ್ತು.

ಎರಡು, ಅವಸರದ ಪ್ರಶ್ನೆ. ಇದು ವಾರಪತ್ರಿಕೆಯಲ್ಲಿ ಬಂದ ಕಥೆ ಅಲ್ಲ. ಹಾರ್ತಾ ಅಂತ ಪತ್ರಿಕೆ, ವರ್ಷಕ್ಕೆ ಹತ್ತು ಸಂಚಿಕೆ. 2014ರ ಫೆಬ್ರವರಿಯಲ್ಲಿ ಶುರುವಾಯ್ತು, ಈ ಏಳು ಅಧ್ಯಾಯ ಸೇರಿ ಪುಸ್ತಕ ಆಗಿದ್ದು 2015ರ ಜನವರಿಯಲ್ಲಿ. ಮುಗಿದಿದ್ದು 2023ರಲ್ಲಿ, ಒಟ್ಟು 14 ಸಂಪುಟ. ವಾರಕ್ಕೊಮ್ಮೆ ಬರುವ ಕಥೆಯಲ್ಲಿ ಹತ್ತೊಂಬತ್ತನೇ ಪುಟಕ್ಕೆ ಯಾರನ್ನೋ ಬೆಟ್ಟದ ತುದಿಯಲ್ಲಿ ನೇತುಹಾಕಲೇಬೇಕು, ಇಲ್ಲಾಂದ್ರೆ ಮುಂದಿನ ವಾರ ಓದುಗ ಬರಲ್ಲ. ಇಲ್ಲಿ ಆ ಒತ್ತಡ ಇಲ್ಲ. ಒಂದು ಸಂಚಿಕೆಗೆ ಒಂದು ಅಡುಗೆ, ತಿಂದು ಮುಗಿಸಿ ಏಳೋದು. ನೀವು ಎರಡು ರಾತ್ರಿಯಲ್ಲಿ ಏಳು ಊಟ ಮಾಡಿದ್ದೀರಿ, ಅದಕ್ಕೆ ಹೊಟ್ಟೆ ಭಾರ.

ಅರ್ಧಪುಟ

ಗೌಡ್ರೇ, ಇದು ನನಗೆ ಹೊಳೆದಿರಲಿಲ್ಲ. ಏಳು ಊಟ ಒಟ್ಟಿಗೆ. ಸರಿಯಾದ ಮಾತು.

ಕಟ್ಟೆ_ಪುರಾಣ

ಕನ್ನಡಕ್ಕೆ ಬಂದರೆ ಹೆಸರು ಏನಿಡಬಹುದು? "ಪಾತಾಳದೂಟ"?

ಧಾರವಾಡ_ಫೇಡೆ

"ನೆಲಮಾಳಿಗೆ ಊಟ".

ಕಡುಬು_ಕಾಫಿ

ನೆಲಮಾಳಿಗೆಯಲ್ಲಿ ಊಟ ಅಂದರೆ ಕಲ್ಯಾಣ ಮಂಟಪ ಆಯ್ತಲ್ಲ! ಮೇಲೆ ಮದುವೆ, ಕೆಳಗೆ ಪಂಕ್ತಿ. ಅಲ್ಲೂ ರಾಕ್ಷಸರ ಜೊತೆ ಹೊಡೆದಾಡಿಯೇ ಜಾಗ ಹಿಡೀಬೇಕು.

ಕಟ್ಟೆ_ಪುರಾಣ

ಮೂರನೇ ಪಂಕ್ತಿಗೆ ಹೋದರೆ ಹೋಳಿಗೆ ಖಾಲಿ, ಅದೇ ಡ್ರ್ಯಾಗನ್ 😭

ಕುಂದಾಪ್ರ_ಹೆಮ್ಮಾಡಿ

ಎಂತ ಮಾರ್ರೆ, ಮುಖ್ಯ ವಿಷಯ ಯಾರೂ ಹೇಳ್ಲೇ ಇಲ್ಲ. ಸೆನ್ಷಿ! ಗಡ್ಡದ ಕುಳ್ಳ. ಹತ್ತು ವರ್ಷಕ್ಕಿಂತ ಜಾಸ್ತಿ ಆ ಪಾತಾಳದಲ್ಲೇ ಇದ್ದು ರಾಕ್ಷಸ ಪ್ರಾಣಿಗಳ ಅಡುಗೆ ಕಲಿತವ. ಇವರು ಚೇಳನ್ನು ಹಾಗೇ ನೀರಿಗೆ ಹಾಕಲು ಹೊರಟಾಗ ಬಂದು ತಡೀತಾನಲ್ಲ, ಆ ಪುಟ ನೋಡಿ ನನಗೆ ನಮ್ಮ ಮನೆಯ ದೊಡ್ಡಮ್ಮ ಕಂಡ ಹಾಗಾಯ್ತು. ಬಾಲ ತೆಗಿ, ತಲೆ ತೆಗಿ, ಮೈಗೆ ಗೀರು ಹಾಕು, ಆಗ ರಸ ಬಿಡ್ತದೆ. ಏಡಿ ಸಾರು ಮಾಡುವಾಗ ಕಾಲನ್ನು ಸ್ವಲ್ಪ ಜಜ್ಜಿ ಹಾಕ್ಬೇಕು, ಇಲ್ದಿದ್ರೆ ಮಸಾಲೆ ಒಳಗೆ ಹಿಡಿಯುದಿಲ್ಲ. ಅದೇ ಲೆಕ್ಕ. ಬೆಂದ ಚೇಳು ಕೆಂಪಾಗುವ ಚಿತ್ರ ಕಪ್ಪು ಬಿಳುಪಲ್ಲಿ ಇದ್ರೂ ನನಗೆ ಕೆಂಪೇ ಕಾಣ್ಸಿತು.

ಮತ್ತೆ ಕೊನೆಯ ಎರಡು ಅಧ್ಯಾಯದ ನಡೆಯುವ ಕವಚ. ಮಂತ್ರ ಹಾಕಿ ಓಡಾಡಿಸ್ತಾರೆ ಅಂತ ಎಲ್ಲರೂ ನಂಬಿದ್ದು. ಒಡೆದು ನೋಡಿದ್ರೆ ಒಳಗೆ ಚಿಪ್ಪಿನ ಮಾಂಸದಂಥ ಜೀವ, ಕಬ್ಬಿಣದ ಚೂರು ಚೂರಿಗೂ ಒಂದೊಂದು ಅಂಟಿಕೊಂಡು ಒಟ್ಟಿಗೆ ನಡೀತಾ ಇದೆ. ಮರ್ವಾಯಿ ತಿಂದವರಿಗೆ ಅದು ಆಶ್ಚರ್ಯವೇ ಅಲ್ಲ. ಒಳ್ಳೆ ಉಪ್ಪು ನೀರಿನ ವಾಸನೆ ಬಂತು ಮಾರ್ರೆ ಪುಸ್ತಕದಿಂದ.

ಅರ್ಧಪುಟ

ನೀವು ಇಷ್ಟು ಚೆನ್ನಾಗಿ ಬರೆದರೆ ನನ್ನಂಥವರ ಗತಿ ಏನು ಸ್ವಾಮಿ.

ಮಳೆನಾಡ_ಮೀನಾಕ್ಷಿ

ಸಸ್ಯಾಹಾರಿ ಅಂತ ಹೆದರಬೇಡಿ ಅರ್ಧಪುಟ ಅವರೇ. ಸೆನ್ಷಿ ಮಾಡುವ ಕೆಲಸ ನಮ್ಮನೆಗಳಲ್ಲಿ ಗಿಡಕ್ಕೆ ಮಾಡ್ತೀವಿ, ಅಷ್ಟೇ ವ್ಯತ್ಯಾಸ.

ಕಳಲೆ ತಗೊಳ್ಳಿ. ಹಸಿ ಬಿದಿರಿನ ಮೊಳಕೆಯಲ್ಲಿ ವಿಷ ಇರುತ್ತೆ. ಹೆಚ್ಚಿ ನೀರಲ್ಲಿ ಹಾಕಿಟ್ಟು ದಿನಾ ನೀರು ಬದಲಾಯಿಸಿ, ಮೂರು ದಿನ ಆದ ಮೇಲೆ ಪಲ್ಯ. ಮೊದಲ ದಿನದ ನೀರನ್ನು ದನ ಕುಡಿಯುವ ಕಡೆ ಚೆಲ್ಲಬೇಡ ಅಂತ ನಮ್ಮಮ್ಮ ಕೂಗ್ತಿದ್ದರು. ಕೆಸುವಿನ ಎಲೆ ಹುಣಸೆಹಣ್ಣು ಹಾಕದೆ ತಿಂದರೆ ಗಂಟಲು ಕೆರೆದು ಕೆರೆದು ಸಾಯ್ತೀವಿ, ಹಾಕಿದರೆ ಪತ್ರೊಡೆ. ಮೊದಲು ಯಾರೋ ಒಬ್ಬರು ಗಂಟಲು ಕೆರೆದುಕೊಂಡಿರಲೇಬೇಕಲ್ಲ!

ಲೋಳೆ ಪ್ರಾಣಿ ಸ್ಲೈಮ್ ಇದೆಯಲ್ಲ, ಮಾರ್ಸಿಲ್ ಮುಖಕ್ಕೆ ಮೆತ್ತಿಕೊಳ್ಳೋದು. ಅದನ್ನು ಸೆನ್ಷಿ ಹುಳಿ ಹಣ್ಣಿನ ರಸ ಬೆರೆಸಿದ ಬಿಸಿನೀರಲ್ಲಿ ತೊಳೆದು, ಉಪ್ಪು ಹಚ್ಚಿ, ಎರಡು ವಾರ ಒಣಗಿಸಬೇಕು ಅಂತಾನೆ. ನಾನು ತಕ್ಷಣ ನಮ್ಮ ಹಲಸಿನ ಹಪ್ಪಳದ ಚಾಪೆ ನೆನಪು ಮಾಡಿಕೊಂಡೆ. ಕಾಗೆ ಕಾಯಲು ನನ್ನನ್ನೇ ಕೂರಿಸ್ತಿದ್ದರು.

ರಾತ್ರಿ_ಪಾಳಿ

ಪ್ರತಿ ಅಡುಗೆ ಮುಗಿದ ಮೇಲೆ ಜೇಡರ ಬಲೆ ಥರ ಪೋಷಕಾಂಶದ ಚಿತ್ರ ಹಾಕ್ತಾರಲ್ಲ, ಅದು ನನಗೆ ಬಹಳ ಇಷ್ಟ. ಇಲ್ಲದ ಪ್ರಾಣಿಯ ಪ್ರೋಟೀನ್ ಲೆಕ್ಕ! ಸೆನ್ಷಿ ಒಂದು ಕಡೆ ಹಿತಮಿತವಾಗಿ ತಿನ್ನಿ, ದಿನಚರಿ ಸರಿ ಇಟ್ಟುಕೊಳ್ಳಿ, ಅಳತೆಯಾಗಿ ಮೈ ದಣಿಸಿ ಅಂತ ಉಪದೇಶ ಮಾಡ್ತಾನೆ. ನಾನು ದಿನಾ ಶುಗರ್ ಪೇಷೆಂಟುಗಳಿಗೆ ಹೇಳುವ ಭಾಷಣ ಅದೇ. ಅವರೂ ಸಾಹಸಿಗಳ ಹಾಗೇ ತಲೆಯಾಡಿಸಿ ಮರೀತಾರೆ.

ವಿಝಾರ್ಡ್_ವಿಜಿ

ಆಟದ ಕಡೆಯಿಂದ ಯಾರೂ ನೋಡಿಲ್ಲ ಅನ್ಸುತ್ತೆ. 1981ರಲ್ಲಿ ಅಮೆರಿಕದಲ್ಲಿ ವಿಝಾರ್ಡ್ರಿ ಅಂತ ಕಂಪ್ಯೂಟರ್ ಆಟ ಬಂತು, ಆಮೇಲೆ ಜಪಾನಿನಲ್ಲಿ ಭಾರಿ ಓಡಿತು. ಕತ್ತಲೆ ಓಣಿ, ಮಹಡಿ ಮಹಡಿ ಕೆಳಗಿಳಿಯೋದು, ಆರು ಜನರ ತಂಡ. ಲಾಯೋಸ್ ತಂಡ ಎಣಿಸಿ: ಲಾಯೋಸ್, ಫಾಲಿನ್, ಮಾರ್ಸಿಲ್, ಚಿಲ್ಚಕ್, ಬಿಟ್ಟುಹೋದ ನಮಾರಿ, ಶುರೋ. ಆರು! ಸತ್ತವರನ್ನು ಹೊರಗೆ ತಂದು ಬದುಕಿಸಬಹುದು ಅನ್ನೋದೂ ಆ ಆಟಗಳ ನಿಯಮವೇ. ಆಟದಲ್ಲಿ ಅದನ್ನು ಯಾರೂ ಪ್ರಶ್ನೆ ಮಾಡಲ್ಲ, ದುಡ್ಡು ಕೊಟ್ಟು ಬದುಕಿಸ್ತೀವಿ, ಮುಂದೆ ಹೋಗ್ತೀವಿ. ಕುಯಿ ಪ್ರಶ್ನೆ ಮಾಡ್ತಾರೆ. ಹಾಗಾದರೆ ನುಂಗಿಸಿಕೊಂಡವರ ಗತಿ? ಎಷ್ಟು ಉಳಿದಿದ್ದರೆ ಬದುಕಿಸಬಹುದು?

ಹಾಗಾಗಿ ಅರ್ಧಪುಟ ಅವರೇ, ಜೀರ್ಣದ ಮಾತು ರಜಾ ಚೀಟಿ ಅಲ್ಲ. ಅದು ಗಡಿಯಾರ. ಸದ್ದು ಮಾಡದ ಗಡಿಯಾರ, ಅಷ್ಟೇ.

ಅರ್ಧಪುಟ

ಹ್ಮ್.

ಪಾತಾಳ_ಪ್ರಿಯ

ಮುಂದೆ ಡ್ರ್ಯಾಗನ್ ಸಿಕ್ಕಾಗ ಏನಾಗುತ್ತೆ ಗೊತ್ತಾ, ಫಾಲಿನ್ [ಅಳಿಸಲಾಗಿದೆ]

ನಿರ್ವಾಹಕ

ಪಾತಾಳ_ಪ್ರಿಯ, ತಲೆಬರಹ ನೋಡಿ. ಮೊದಲ ಸಂಪುಟ. ಇನ್ನೊಂದು ಸಲ ಹೀಗೆ ಬರೆದರೆ ಒಂದು ವಾರ ಉಪವಾಸ.

ಪಾತಾಳ_ಪ್ರಿಯ

ಕ್ಷಮಿಸಿ, ತಡೆಯಕ್ಕಾಗಲಿಲ್ಲ 🙏

ಕಟ್ಟೆ_ಪುರಾಣ

ನಾನು ಪುಸ್ತಕ ಓದಿಲ್ಲ, ಅನಿಮೆ (ಇದರ ಕಾರ್ಟೂನ್ ಸರಣಿ) ನೋಡಿದೆ. ಅದು ಸಾಕಲ್ವಾ? ನೆಟ್‌ಫ್ಲಿಕ್ಸಲ್ಲಿದೆ.

ಬಲದಿಂದ_ಎಡಕ್ಕೆ

ಟ್ರಿಗರ್ ಸ್ಟುಡಿಯೋ ಮಾಡಿದ್ದು, 2024ರ ಜನವರಿಯಿಂದ ಜೂನ್‌ವರೆಗೆ 24 ಕಂತು. ಮೊದಲ ಸಂಪುಟ ಬರೀ ಮೂರು ಕಂತಿನಲ್ಲಿ ಮುಗೀತು. ಚೆನ್ನಾಗಿಯೇ ಮಾಡಿದ್ದಾರೆ, ಬಣ್ಣ, ಕುದಿಯುವ ಸದ್ದು ಎಲ್ಲ ಸೇರಿ ಬಾಯಲ್ಲಿ ನೀರು ಬರುತ್ತೆ. ಆದರೆ ಪುಸ್ತಕದಲ್ಲಿ ನೀವು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಬಹುದು. ಬಿಸಿಎಣ್ಣೆಯ ಅಧ್ಯಾಯ ನೋಡಿ. ಕಳ್ಳರನ್ನು ಸುಡಲು ಇಟ್ಟ ಎಣ್ಣೆಯ ಬಲೆಯನ್ನೇ ಬಾಣಲೆ ಮಾಡಿಕೊಳ್ತಾರೆ. ಬೀಗ ಬಿಚ್ಚುವ ಚಿಲ್ಚಕ್ ಯಾವ ಕಲ್ಲು ತುಳಿಯಬಾರದು, ಯಾವುದನ್ನು ಒತ್ತಿದರೆ ಎಣ್ಣೆ ಬರುತ್ತೆ ಅಂತ ಹೇಳಿಕೊಡ್ತಾನೆ, ಸೆನ್ಷಿಗೆ ಎಣ್ಣೆಯ ಕಾವು ಮಾತ್ರ ಮುಖ್ಯ. ಇಬ್ಬರೂ ತಂತಮ್ಮ ಕಸುಬಿನಲ್ಲಿ ಹಟಮಾರಿಗಳು. ಆ ಪುಟಗಳಲ್ಲಿ ನಾನು ಅರ್ಧ ಗಂಟೆ ಇದ್ದೆ, ನೆಲದ ಕಲ್ಲುಗಳನ್ನೇ ನೋಡ್ತಾ.

ಯೊಕೊಹಾಮಾ_ಗೌಡ್ರು

ಆ ಎಣ್ಣೆಯಲ್ಲಿ ಕರಿಯುವ ಕಾಕಿಯಾಗೆ ಅಂದರೆ ಬೇರೇನಲ್ಲ, ತರಕಾರಿ ಉದ್ದುದ್ದ ಹೆಚ್ಚಿ ತೆಳ್ಳಗಿನ ಹಿಟ್ಟಲ್ಲಿ ಕಲಸಿ ಒಟ್ಟಿಗೆ ಎಣ್ಣೆಗೆ ಬಿಡೋದು. ನಮ್ಮ ಈರುಳ್ಳಿ ಪಕೋಡದ ನೆಂಟ. ಇಲ್ಲಿ ಉಡಾನ್ ಅನ್ನುವ ಸಾರಿನ ನೂಡಲ್ಸ್ ಮೇಲೆ ಹಾಕಿ ಕೊಡ್ತಾರೆ. ಮೊದಲ ವರ್ಷ ಅದನ್ನೇ ತಿಂದು ಬದುಕಿದೆ ನಾನು, ಸಾರಲ್ಲಿ ಮೀನು ಇದೆ ಅಂತ ತಿಳಿಯುವವರೆಗೆ.

ಅರ್ಧಪುಟ

ತಿಳಿದ ಮೇಲೆ?

ಯೊಕೊಹಾಮಾ_ಗೌಡ್ರು

ಎರಡು ದಿನ ಮಾರ್ಸಿಲ್ ಥರ ಕಿರುಚಾಡಿದೆ. ಮೂರನೇ ದಿನ ಹಸಿವಾಯ್ತು.

ಕುಂದಾಪ್ರ_ಹೆಮ್ಮಾಡಿ

ಹ್ಹಹ್ಹ ಇದೇ ಇಡೀ ಪುಸ್ತಕ ಕಾಣಿ.

ಧಾರವಾಡ_ಫೇಡೆ

ಮಾರ್ಸಿಲ್ ಬಗ್ಗೆ ಒಂದು ಮಾತು. ಆಕಿ ಬರೀ ಚೀರಾಡೂ ಪಾತ್ರ ಅಂತ ಮೊದಲ ಅನ್ಕೊಂಡಿದ್ದೆ. ಮ್ಯಾಂಡ್ರೇಕ್ ಅಧ್ಯಾಯದಾಗ ಆ ಅಭಿಪ್ರಾಯ ಬದಲಾತು. ಅದು ಮನುಷ್ಯಾನಂಗ ಇರೂ ಗಡ್ಡಿ, ಕಿತ್ತರ ಚೀರತೈತಿ, ಕೇಳಿದಾವ ಸಾಯ್ತಾನ. ಆಕಿ ಸಾಲಿಯೊಳಗ ಪುಸ್ತಕ ಓದಿ ಕಲತಾಕಿ, ಪುಸ್ತಕದ ಪದ್ಧತಿನೇ ಸರಿ ಅಂತ ಹಟ ಹಿಡೀತಾಳ. ಸೆನ್ಷಿ ಚೀರೂದ್ರಾಗ ತಲಿ ಕತ್ತರಿಸಿ ಮುಗಸ್ತಾನ. ಸೋತ್ಲು ಅನ್ಕೊಂಡ್ರ, ಕೊನಿಗೆ ಚೀರಿದ್ದ ಗಡ್ಡಿದು ಕಹಿ ಕಡಿಮಿ! ಅಂದ್ರ ಪುಸ್ತಕದ ದಾರಿಗೂ ಒಂದು ಅರ್ಥ ಇತ್ತು. ಸೆನ್ಷಿ ಅದನ್ನ ಒಪ್ಕೋತಾನ. ಅನುಭವ ದೊಡ್ಡದು, ಓದು ಸಣ್ಣದು ಅಂತ ಹೇಳಿ ಕೈ ತೊಳಕೊಳ್ಳಲಿಲ್ಲ ನೋಡ್ರಿ ಬರೆದಾಕಿ. ಅದು ನನಗ ಸೇರತು.

ಲಾಯೋಸ್ ಮ್ಯಾಲಿನ ಸಿಟ್ಟು ಹಂಗ ಐತಿ.

ಕಡುಬು_ಕಾಫಿ

ಕೊನೆಯಲ್ಲಿ ಆ ಕವಚದ ಜೊತೆ ಸಿಕ್ಕ ಜೀವ ಇರುವ ಕತ್ತಿಯನ್ನು ಯಾರಿಗೂ ಹೇಳದೆ ಇಟ್ಟುಕೊಳ್ತಾನಲ್ಲ, ಅಲ್ಲಿ ನನಗೂ ಸಿಟ್ಟು ಬಂತು 😄 ನಾಯಿಮರಿ ತಂದು ಅಂಗಿಯೊಳಗೆ ಬಚ್ಚಿಟ್ಟ ಹುಡುಗನ ಥರ.

ಕಟ್ಟೆ_ಪುರಾಣ

ಕನ್ನಡದಲ್ಲಿ ಬಂದರೆ ಸೆನ್ಷಿ ಯಾವ ಕಡೆ ಮಾತಾಡಬೇಕು? ನನ್ನ ಓಟು ಮಂಡ್ಯಕ್ಕೆ.

ಕುಂದಾಪ್ರ_ಹೆಮ್ಮಾಡಿ

ಸಾಧ್ಯವೇ ಇಲ್ಲ. ಕುಂದಾಪ್ರ.

ಧಾರವಾಡ_ಫೇಡೆ

ಇದಕ್ಕ ಬ್ಯಾರೆ ಎಳೆ ತಗೀರಿ, ರಾತ್ರಿ ಪೂರ್ತಿ ಬಡದಾಡೋಣು.

ಅರ್ಧಪುಟ

ನಾಲ್ಕು ದಿನ ಆದ ಮೇಲೆ ಬರ್ತಿದ್ದೇನೆ. ಗೌಡ್ರ ಮಾತು ಕೇಳಿ ಎರಡನೇ ಸಲ ದಿನಕ್ಕೊಂದೇ ಅಧ್ಯಾಯ ಅಂತ ಓದಿದೆ. ಡ್ರ್ಯಾಗನ್ ಪುಟಗಳಲ್ಲಿ ಈ ಸಲ ಲಾಯೋಸ್ ಕಣ್ಣು ನೋಡಿದೆ. ತಂಗಿ ಅವನನ್ನು ತಳ್ಳಿ ತಾನು ಸಿಕ್ಕಿಕೊಳ್ಳುವ ಹೊತ್ತಿಗೆ ಅವನಿಗೆ ಏನಾಗ್ತಿದೆ ಅಂತಲೇ ಪೂರ್ತಿ ಹೊಳೆದಿಲ್ಲ. ಮೊದಲ ಸಲ ಆ ಪುಟ ಎರಡು ಸೆಕೆಂಡಲ್ಲಿ ತಿರುಗಿಸಿದ್ದೆ. ರಜಾ ಚೀಟಿ ಅಂದಿದ್ದು ವಾಪಸ್. ಆದರೆ ಬೆಸಿಲಿಸ್ಕ್ (ಅರ್ಧ ಕೋಳಿ, ಅರ್ಧ ಹಾವು) ಸುಡುವ ಅಧ್ಯಾಯ ಈಗಲೂ ಸ್ವಲ್ಪ ಉದ್ದ ಆಯ್ತು ಅನ್ನಿಸುತ್ತೆ, ಅದನ್ನು ಬಿಟ್ಟುಕೊಡಲ್ಲ.

ಇನ್ನೊಂದು. ಪುಸ್ತಕ ಊಟದ ಟೇಬಲ್ ಮೇಲೆ ಬಿಟ್ಟು ಹೋಗಿದ್ದೆ. ಬಂದು ನೋಡಿದರೆ ಅಮ್ಮ ಕನ್ನಡಕ ಹಾಕಿಕೊಂಡು ಟಾರ್ಟ್ ಪುಟ ನೋಡ್ತಿದ್ದಾರೆ. ಇಂಗ್ಲಿಷ್ ಓದಲ್ಲ, ಬರೀ ಚಿತ್ರ. "ಈ ಗಡ್ಡದವನು ಕೆಳಗಿನ ಹಿಟ್ಟನ್ನು ಮೊದಲೇ ಗಟ್ಟಿ ಮಾಡ್ಕೊಂಡು ಆಮೇಲೆ ಹೂರಣ ಸುರೀತಾನೆ, ಬುದ್ಧಿವಂತ" ಅಂದರು. ಆ ಹೂರಣದಲ್ಲಿ ಏನಿದೆ ಅಂತ ನಾನು ಹೇಳಲಿಲ್ಲ.

ಎರಡನೇ ಸಂಪುಟ ಯಾರ ಹತ್ತಿರವಾದರೂ ಇದೆಯಾ? ಓದಿ ವಾಪಸ್ ಕೊಡ್ತೀನಿ.

ಮಳೆನಾಡ_ಮೀನಾಕ್ಷಿ

ನನ್ನ ಹತ್ರ ಇದೆ, ಕಳಿಸ್ತೀನಿ. ನಡುವೆ ಎರಡು ಪುಟಕ್ಕೆ ಸಾರಿನ ಕಲೆ ಇದೆ, ಪರವಾಗಿಲ್ವಾ?

ಅರ್ಧಪುಟ

ಯಾವ ಸಾರು?

ಮಳೆನಾಡ_ಮೀನಾಕ್ಷಿ

ಕೇಳಬೇಡಿ. ಓದಿ.